ಈಶಾನ್ಯಕ್ಕೆ ಹೋದ ಬಾವಿ

ನಾನು ವೆಬ್‌ಸೈಟ್ ಮಾರಲು ಹೊರಟ ಕಾಲದಲ್ಲಿ ನನ್ನ ಗಿರಾಕಿಗಳಲ್ಲಿ ಒಬ್ಬರೂ ವೆಬ್‌ಸೈಟನ್ನು ಕಣ್ಣಿನಿಂದ ನೋಡಿರಲಿಲ್ಲ. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಇಲ್ಲ ಎಂದು ನೀವು ಎಣಿಸಿದರೆ ಅದು ತಪ್ಪು. ನೋಡದ ವಸ್ತುವಿಗೆ ಚೌಕಾಸಿ ಮಾಡುವವರಿಲ್ಲ, ನಿಜ. ಆದರೆ ಕೊಳ್ಳುವವರೂ ಇಲ್ಲ. ಅದಕ್ಕಾಗಿ ನಾನು ವೆಬ್‌ಸೈಟಿನ ಪುಟಗಳನ್ನು ಮಣಿಪಾಲದ ಸೈಬರ್ ಕೆಫೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ, ಮದುವೆ ಆಲ್ಬಮ್ಮಿನ ಹಾಗೆ ಪ್ಲಾಸ್ಟಿಕ್ ಹಾಳೆಗಳ ಫೈಲಿನಲ್ಲಿ ಸಿಕ್ಕಿಸಿಕೊಂಡು ಬೈಕಿನಲ್ಲಿ ಊರೂರು ತಿರುಗುತ್ತಿದ್ದೆ. ಬಿಲ್ಡರುಗಳು ಹಾಳೆ ಮಗುಚಿ ಹಾಕಿ, ಚೆನ್ನಾಗಿದೆ ಎಂದು ತಲೆಯಾಡಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದನ್ನೇ ಒಂದು ಸಾವಿರ ಪ್ರತಿ ಮಾಡಿ ಹಂಚಿದ್ರೆ ಆಗುದಿಲ್ವಾ ಮಾರಾಯ್ರೆ?"

ಅದಕ್ಕೂ ಮೊದಲು ನಾನು ಗೋಡೆಗಳ ಮೇಲೆ ಬರೆಯುತ್ತಿದ್ದವನು. ಪಡುಬಿದ್ರಿಯಿಂದ ಉಡುಪಿಯವರೆಗೆ ಹೆದ್ದಾರಿಯ ಬದಿಯ ಎಷ್ಟೋ ಕಂಪೌಂಡುಗಳ ಮೇಲೆ ಸಿಮೆಂಟು, ಕಬ್ಬಿಣ, ಹಂಚಿನ ಜಾಹೀರಾತುಗಳನ್ನು ಬಿಸಿಲಿಗೆ ಬೆನ್ನು ಕೊಟ್ಟು ಬರೆದಿದ್ದೇನೆ. ಯಾರ ಗೋಡೆ, ಯಾರನ್ನು ಕೇಳಬೇಕು, ಮನೆಯ ಹೆಂಗಸರು ಒಪ್ಪುವ ಹಾಗೆ ಹೇಗೆ ಕೇಳಬೇಕು ಎಂಬುದೇ ಆ ವಿದ್ಯೆಯ ಮುಕ್ಕಾಲು ಪಾಲು. ಆಮೇಲೆ ಬ್ಯಾನರುಗಳು ಮೆಶಿನ್ನಿನಲ್ಲಿ ಬರಲು ಶುರುವಾದವು, ಬ್ರಷ್ಷಿಗೆ ಬೆಲೆ ಇಲ್ಲದಾಯಿತು. ಮಣಿಪಾಲದಲ್ಲಿ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿ, ನನಗಿಂತ ಹದಿನೈದು ವರ್ಷ ಕಿರಿಯರ ನಡುವೆ ಕುಳಿತು ಪುಟ ಕಟ್ಟುವುದು ಕಲಿತೆ. ಅವರು ಪರೀಕ್ಷೆಗಾಗಿ ಕಲಿತರು, ನಾನು ಊಟಕ್ಕಾಗಿ ಕಲಿತೆ. ಹಾಗಾಗಿ ನನಗೆ ಬೇಗ ಬಂತು.

ಉಡುಪಿ, ಮಣಿಪಾಲದ ದೊಡ್ಡ ಬಿಲ್ಡರುಗಳಿಗೆ ಮಂಗಳೂರಿನ ಏಜೆನ್ಸಿಗಳಿದ್ದವು. ಅಲ್ಲಿ ನನ್ನನ್ನು ರಿಸೆಪ್ಶನ್ನಿನ ಸೋಫಾದಿಂದ ಆಚೆಗೆ ಬಿಡುತ್ತಿರಲಿಲ್ಲ. ಉಳಿದದ್ದು ಕಾರ್ಕಳ. ಅಲ್ಲಿಯ ಕಟ್ಟಡ ಕಟ್ಟುವವರು ತಿಂಗಳಿಗೊಮ್ಮೆ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತಿದ್ದರು. ಗೋಳಿಬಜೆ ಬರುವವರೆಗೆ ಮರಳಿನ ರೇಟು, ಬಂದ ಮೇಲೆ ಪರಸ್ಪರ ದೂರು, ಅಷ್ಟೇ ಆ ಸಭೆಯ ಕಾರ್ಯಕಲಾಪ. ಅಲ್ಲಿ ನನ್ನ ಫೈಲನ್ನು ಬಿಚ್ಚಿದೆ. ಎಲ್ಲರೂ ನೋಡಿದರು, ಎಣ್ಣೆಯ ಬೆರಳಿನ ಗುರುತುಗಳೂ ಬಿದ್ದವು. ಅವರಲ್ಲಿ ಹಿರಿಯರೊಬ್ಬರು ಕೊನೆಗೆ ಪಕ್ಕದಲ್ಲಿ ಕುಳಿತವರನ್ನು ತೋರಿಸಿ ತೀರ್ಪು ಕೊಟ್ಟರು.

"ನೋಡಿ, ಈ ಕುಕ್ಕುಂದೂರಿನವರಿಗೆ ನೀವು ಒಂದು ಮಾಡಿಕೊಡಿ. ಅದರಿಂದ ಒಂದೇ ಒಂದು ಫ್ಲಾಟ್ ಹೋಗ್ಲಿ, ನಾವೆಲ್ಲ ಮಾಡಿಸುವ. ಮಳೆಗಾಲದ ಒಳಗೆ ಹೋಗದಿದ್ರೆ ನೀವು ಮತ್ತೆ ಈ ಮೆಟ್ಟಿಲು ಹತ್ತುದು ಬೇಡ. ಆಗ್ಬಹುದಾ?"

ಆಗಬಹುದು ಎಂದೆ. ಬೇರೆ ಎಂತ ಹೇಳಲಿಕ್ಕುಂಟು? ಮಣಿಪಾಲದಲ್ಲಿ ಕೋಣೆ ಹಿಡಿದಾಗಿತ್ತು, ಕಂಪ್ಯೂಟರ್ ತಂದಾಗಿತ್ತು. ಕಾರ್ಕಳ ಕೈಬಿಟ್ಟರೆ ನಾನು ಮತ್ತೆ ಗೋಡೆಗೆ ಹೋಗಬೇಕು. ಗೋಡೆಯೂ ಆಗ ನನ್ನನ್ನು ಕಾಯುತ್ತಿರಲಿಲ್ಲ. ಒಂದು ಫ್ಲಾಟ್ ಮಾರಾಟವಾಗುವುದರ ಮೇಲೆ ನನ್ನ ಇಡೀ ಕಸುಬು ನಿಂತಿತು.

ಕುಕ್ಕುಂದೂರಿನ ಆ ಬಿಲ್ಡರ್ ಮೇಸ್ತ್ರಿಯಾಗಿ ಶುರು ಮಾಡಿ ಸ್ವಂತ ಕೈಯಿಂದ ಮೇಲೆ ಬಂದ ಮನುಷ್ಯ. ಮನೆಗಳನ್ನು ಎಷ್ಟೋ ಕಟ್ಟಿದ್ದರು, ಫ್ಲಾಟು ಮಾತ್ರ ಇದೇ ಮೊದಲು. ಮೂರು ಅಂತಸ್ತು, ಹನ್ನೆರಡು ಮನೆ. ಊರಿನ ಜನ ಬಂದು, ತಲೆಯೆತ್ತಿ ನೋಡಿ, ಹೋಗುತ್ತಿದ್ದರು. ಒಂದೂ ಬುಕ್ ಆಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ನಿಮಗೆ ನನ್ನ ಮೊದಲ ಬುದ್ಧಿಮಾತು ಇದೇ: ಒಂದು ವಸ್ತು ಯಾಕೆ ಮಾರಾಟವಾಗುತ್ತಿಲ್ಲ ಎಂದು ಕೇಳದೆ ಅದರ ಜಾಹೀರಾತಿಗೆ ಕೈ ಹಾಕಬೇಡಿ.

ಅವರಿಗೆ ವೆಬ್‌ಸೈಟಿನಲ್ಲಿ ಏನೇನು ಬೇಕು ಎಂದು ಕೇಳಿದೆ. ಮೇಲ್ಗಡೆ ಓಡುವ ಅಕ್ಷರ ಬೇಕು. ತಿರುಗುವ ಭೂಮಂಡಲ ಬೇಕು. "ಭೂಮಂಡಲ ಯಾಕೆ ಧಣಿ? ನಮ್ಮದು ಕುಕ್ಕುಂದೂರು," ಎಂದೆ. "ಇರ್ಲಿ, ನೋಡುವವನಿಗೆ ಗೊತ್ತಾಗುದು ಹೇಗೆ ನಮ್ಮದು ಪ್ರಪಂಚದಲ್ಲಿ ಉಂಟು ಅಂತ?" ಎಂದರು. ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ಜನ ನೋಡಿದರು ಎಂದು ಎಣಿಸುವ ಕೌಂಟರ್ ಬೇಕು. ಆ ಕಾಲದಲ್ಲಿ ಪ್ರತಿ ವೆಬ್‌ಸೈಟಿನ ಕೆಳಗೂ ಅದೊಂದು ಕಪ್ಪು ಪೆಟ್ಟಿಗೆ ಇರುತ್ತಿತ್ತು. ಹಾಕಿಕೊಟ್ಟೆ. ಮೂರು ದಿನ ಬಿಟ್ಟು ಫೋನ್ ಬಂತು.

"ಎಂತ ಮಾರಾಯ್ರೆ, ಹದಿನೇಳು ಅಂತ ತೋರಿಸ್ತದೆ?"

"ಹದಿನೇಳು ಸಲ ನೋಡಿದ್ದಾರೆ ಧಣಿ."

"ಅದರಲ್ಲಿ ಹದಿನಾರು ನಾನೇ. ಉಡುಪಿಯ ಆ ಬಿಲ್ಡರಿನದ್ದು ಒಂಬತ್ತು ಸಾವಿರ ಉಂಟು. ನಮ್ಮದು ಹತ್ತು ಮಾಡಿ."

ಕೌಂಟರನ್ನು ಎಲ್ಲಿಂದ ಬೇಕಾದರೂ ಶುರು ಮಾಡಬಹುದಿತ್ತು. ಉಡುಪಿಯವರದ್ದೂ ಹಾಗೆಯೇ ಶುರುವಾದದ್ದೆಂದು ನನಗೆ ಗೊತ್ತಿತ್ತು. ಹತ್ತು ಸಾವಿರ ಎಂದರೆ ಅನುಮಾನ ಬರುತ್ತದೆ, ಒಂಬತ್ತು ಸಾವಿರದ ನಾನೂರ ಹನ್ನೆರಡು ಮಾಡುವ ಎಂದು ಒಪ್ಪಿಸಿದೆ. ಅವರು ಹನ್ನೆರಡನ್ನು ಹದಿಮೂರಕ್ಕೆ ಏರಿಸಿದರು. ಅಷ್ಟಾದರೂ ಚೌಕಾಸಿ ಮಾಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಇನ್ನು ಫೋಟೋದ ಕಥೆ. ಕಟ್ಟಡದ ಮುಂದೆ ತಾವು ನಿಂತಿರಬೇಕೆಂದು ಅವರ ಹಟ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಎಣ್ಣೆ ಹಾಕಿ ಬಾಚಿದ ಬೈತಲೆ. ಕಡ ತಂದ ಡಿಜಿಟಲ್ ಕ್ಯಾಮೆರಾದಲ್ಲಿ ನಾನು ರಸ್ತೆಯಲ್ಲಿ ನಿಂತು ಕಟ್ಟಡ, ಅಂಗಳ, ಮೂಲೆಯ ಹಳೆಯ ಬಾವಿ ಎಲ್ಲವೂ ಬರುವ ಹಾಗೆ ತೆಗೆದೆ. ಕಂಪ್ಯೂಟರಿನಲ್ಲಿ ನೋಡಿ ಅವರು ಮುಖ ಗಂಟಿಕ್ಕಿದರು.

"ಇದು ನಾನಲ್ಲ."

"ನೀವೇ ಧಣಿ."

"ನಾನು ದಿನಾ ನೋಡ್ತೇನೆ, ನನಗೆ ಗೊತ್ತಿಲ್ವಾ? ಇದರಲ್ಲಿ ಏನೋ ಓರೆ ಉಂಟು."

ಮತ್ತೆ ತೆಗೆದೆ, ಮತ್ತೆ ಓರೆ. ಬೆಳಿಗ್ಗೆ ತೆಗೆದೆ, ಸಂಜೆ ತೆಗೆದೆ. ನಾಲ್ಕನೆಯ ದಿನ ನನಗೆ ಹೊಳೆಯಿತು. ಇವರು ದಿನಾ ನೋಡುವುದು ಗಡ್ಡ ಹೆರೆಯುವಾಗ, ಕನ್ನಡಿಯಲ್ಲಿ. ಫೋಟೋವನ್ನು ಎಡ ಬಲಕ್ಕೆ, ಬಲ ಎಡಕ್ಕೆ ಬರುವ ಹಾಗೆ ತಿರುಗಿಸಿದೆ. ಒಂದು ಬಟನ್ ಒತ್ತಿದರೆ ಆಗುವ ಕೆಲಸ. ಬೈತಲೆ ಆಚೆ ಬದಿಗೆ ಹೋಯಿತು. ಅವರ ಮುಖ ಅರಳಿತು.

"ಹಾಂ! ಈಗ ನೋಡಿ, ಇದು ನಾನು!"

ಆ ಇಡೀ ಚಿತ್ರದಲ್ಲಿ ಅವರು ತಮ್ಮನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ನಾನು ಅವರ ಮುಖವನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಇಬ್ಬರೂ ಖುಷಿಯಾಗಿ ಚಹಾ ಕುಡಿದೆವು. ಗಿರಾಕಿಗೆ ಅವನ ಮುಖ ಹಿಡಿಸಿದರೆ ಅರ್ಧ ಕೆಲಸ ಮುಗಿಯಿತು ಎಂದು ಆಗ ನಾನು ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಮಾರ್ಚಿನಲ್ಲಿ ಕೊಲ್ಲಿ ದೇಶದಿಂದ ಒಂದು ಇ-ಮೇಲ್ ಬಂತು. ಬರೆದವನು ಕಾಪುವಿನವನು, ಅಲ್ಲಿ ಎ.ಸಿ. ಮೆಕ್ಯಾನಿಕ್. ಮಕ್ಕಳನ್ನು ಜೂನಿನಲ್ಲಿ ಕಾರ್ಕಳದ ಶಾಲೆಗೆ ಸೇರಿಸಬೇಕು, ಹೆಂಡತಿ ಮಕ್ಕಳಿಗೆ ಒಂದು ಫ್ಲಾಟ್ ಬೇಕು, ವೆಬ್‌ಸೈಟ್ ನೋಡಿದ್ದೇನೆ, ಹಿಡಿಸಿದೆ ಎಂದು ಬರೆದಿದ್ದ. ನಾನು ಆ ಪ್ರಿಂಟನ್ನು ಕಿಸೆಯಲ್ಲಿಟ್ಟುಕೊಂಡು ಬೈಕನ್ನು ಕಾರ್ಕಳಕ್ಕೆ ಓಡಿಸಿದ ವೇಗ ಇವತ್ತು ನೆನೆದರೆ ಹೆದರಿಕೆಯಾಗುತ್ತದೆ.

ಬಿಲ್ಡರ್ ಅದನ್ನು ಎರಡು ಸಲ ಓದಿ ಇನ್‌ವರ್ಡ್ ನಂಬರ್ ಹಾಕಿ ಫೈಲಿಗೆ ಸೇರಿಸಿದರು. ಉತ್ತರವನ್ನು ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿ, ನನ್ನ ಕೈಯಲ್ಲಿಟ್ಟರು. ಇದನ್ನು ಸ್ಕ್ಯಾನ್ ಮಾಡಿ ಕಳಿಸಬೇಕಂತೆ. ಎರಡು ಸಾಲು ನೇರವಾಗಿ ಬರೆದರೆ ಈಗಲೇ ಹೋಗುತ್ತದಲ್ಲ ಎಂದೆ. "ಸೀಲಿಲ್ಲದ ಕಾಗದಕ್ಕೆ ಬೆಲೆ ಉಂಟಾ?" ಎಂದರು. ಸೈಬರಿನಲ್ಲಿ ಆ ಸೀಲು ಮೇಲೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎರಡು ಸಲ ಕರೆಂಟ್ ಹೋಯಿತು.

ಮರುವಾರ ಆ ಮೆಕ್ಯಾನಿಕ್‌ನದೇ ಫೋನು. ತನಗೆ ಒಪ್ಪಿಗೆ, ಆದರೆ ಜಾಗ ನೋಡುವವರು ತಾಯಿ. ಅವರು ಹೂಂ ಅಂದರೆ ಮಾತ್ರ. ಕಾಪುವಿನ ಸೈಬರಿನಲ್ಲಿ ಹೆಂಡತಿ ಅವರಿಗೆ ಆ ಪುಟದ ಪ್ರಿಂಟ್ ತೆಗೆಸಿಕೊಟ್ಟಿದ್ದಾಳೆ, ವಾಸ್ತು ನೋಡುವವರೂ ಅದನ್ನು ನೋಡಿ ಅಡ್ಡಿಯಿಲ್ಲ ಎಂದಿದ್ದಾರೆ, ಶನಿವಾರ ತಾಯಿ ಬರುತ್ತಾರೆ. ಬಿಲ್ಡರ್ ಅಂಗಳ ಗುಡಿಸಿಸಿದರು. ನಾನು ಹೊಸ ಅಂಗಿ ಹಾಕಿದೆ.

ತಾಯಿ ಎಂದರೆ ಮೀನು ಮಾರುವ ಹೆಂಗಸು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನನ್ನ ವೆಬ್‌ಸೈಟಿನ ಪ್ರಿಂಟ್. ರಿಕ್ಷಾದಿಂದ ಇಳಿದವರು ಕಟ್ಟಡವನ್ನು ನೋಡಲೇ ಇಲ್ಲ. ಪ್ರಿಂಟ್ ನೋಡಿದರು, ಅಂಗಳ ನೋಡಿದರು, ಮತ್ತೆ ಪ್ರಿಂಟ್ ನೋಡಿದರು. ಮಾತೆಲ್ಲ ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದೆ.

"ಇದು ಅದೇ ಜಾಗವಾ?"

"ಅದೇ ಅಮ್ಮ," ಎಂದರು ಬಿಲ್ಡರ್.

"ಹಾಗಾದ್ರೆ ಈ ಬಾವಿ ಯಾವಾಗ ನಡೆದುಕೊಂಡು ಆಚೆ ಹೋದದ್ದು?"

ನಾನು ಪ್ರಿಂಟಿನತ್ತ ಬಗ್ಗಿ ನೋಡಿದೆ. ಕಟ್ಟಡಕ್ಕೆ ಪೂರ್ವದ ಮುಖ, ವೆಬ್‌ಸೈಟಿನಲ್ಲಿ ದೊಡ್ಡದಾಗಿ ಬರೆದೂ ಇದ್ದೆ. ರಸ್ತೆಯಲ್ಲಿ ನಿಂತು ನೋಡಿದರೆ ಬಾವಿ ಇದ್ದದ್ದು ಎಡಗೈ ಬದಿಗೆ, ಆಗ್ನೇಯದಲ್ಲಿ. ಫೋಟೋದಲ್ಲಿ ಅದು ಬಲಗೈ ಬದಿಗೆ, ಈಶಾನ್ಯದಲ್ಲಿ. ಧಣಿಯ ಬೈತಲೆಯ ಜೊತೆಗೆ ಬಾವಿಯೂ ಆಚೆ ಬದಿಗೆ ಹೋಗಿತ್ತು. ಬಾವಿಗೆ ಈಶಾನ್ಯಕ್ಕಿಂತ ಒಳ್ಳೆಯ ಮೂಲೆ ಇಲ್ಲ, ಆಗ್ನೇಯಕ್ಕಿಂತ ಕೆಟ್ಟದ್ದಿಲ್ಲ. ಅದು ಬೆಂಕಿಯ ಮೂಲೆ. ಊರಿನವರು ಬಂದು ತಲೆಯೆತ್ತಿ ನೋಡಿ ಹೋಗುತ್ತಿದ್ದದ್ದು ಯಾಕೆಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಅವರು ಮೇಲೆ ನೋಡಿದ್ದು ಮರ್ಯಾದೆಗೆ, ನಿಜವಾಗಿ ನೋಡಿದ್ದು ಬಾವಿಯನ್ನು.

"ಅದು ಕ್ಯಾಮೆರಾದ ಆ್ಯಂಗಲ್ ಅಮ್ಮ," ಎಂದೆ. "ದೂರದಿಂದ ತೆಗೆದಾಗ ಹಾಗೆ ಕಾಣ್ತದೆ."

"ಹೌದಾ ಮಗ? ಎಷ್ಟು ದೂರದಿಂದ? ಮಂಗಳೂರಿನಿಂದವಾ?"

ಸೆಂಟ್ರಿಂಗ್ ಹಲಗೆ ಹೊರುತ್ತಿದ್ದ ಬಾಗಲಕೋಟೆ ಕಡೆಯ ಮೇಸ್ತ್ರಿ ಅಲ್ಲಿಯೇ ನಿಂತುಬಿಟ್ಟ. ತುಳು ಅವನಿಗೆ ಪೂರ್ತಿ ಬರುತ್ತಿರಲಿಲ್ಲ, ಆದರೆ ಬಾವಿ, ಫೋಟೋ ಎರಡೂ ಕಾಣುತ್ತಿದ್ದವು. "ಹಿಂಗ ಕಂಪ್ಯೂಟರಿನಾಗ ಬಾವಿ ತೋಡೋದಾದ್ರ ಹೇಳ್ರೀ ಸಾಹೇಬ್ರ," ಎಂದ, "ನಮ್ಮ ಗುದ್ಲಿ ಮಾರಿ ಊರಿಗೆ ಹೋಕ್ಕೇವಿ."

ತಾಯಿ ಪ್ರಿಂಟನ್ನು ಬಿಲ್ಡರಿನ ಎದೆಯ ಹತ್ತಿರ ಹಿಡಿದರು. "ಇವರ ಕಿಸೆ ನೋಡು. ಇಲ್ಲಿ ಎಡಕ್ಕೆ ಉಂಟು. ಫೋಟೋದಲ್ಲಿ ಬಲಕ್ಕೆ. ಕಿಸೆಯೂ ಆ್ಯಂಗಲ್ಲಾ? ನಾನು ನಲವತ್ತು ವರ್ಷದಿಂದ ಮೀನು ಮಾರುವವಳು ಮಗ. ನಿನ್ನೆಯ ಬಂಗುಡೆಗೆ ಇವತ್ತಿನ ರಕ್ತ ಹಚ್ಚುವವರನ್ನೂ ನೋಡಿದ್ದೇನೆ. ಕಿವಿರು ಎತ್ತಿ ನೋಡದೆ ಯಾವುದನ್ನೂ ಬುಟ್ಟಿಗೆ ಹಾಕುದಿಲ್ಲ."

ಬಿಲ್ಡರ್ ನನ್ನ ಕಡೆ ತಿರುಗಿದರು. ಅವರಿಗೂ ಈಗಷ್ಟೇ ಕಂಡದ್ದು. "ಎಂತದಿದು ಮಾರಾಯ್ರೆ?"

ಅವರ ಮುಖಕ್ಕಾಗಿ ತಿರುಗಿಸಿದ್ದೆಂದು ಹೇಳಿದರೆ ಬಿಲ್ಡರ್ ಹೋಗುತ್ತಾರೆ. ಹೇಳದಿದ್ದರೆ ಗಿರಾಕಿ ಹೋಗುತ್ತಾಳೆ. ಎರಡರಲ್ಲಿ ಯಾವುದು ಹೋದರೂ ನಾನು ಆ ಹೋಟೆಲಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಲೆಕ್ಕ ಹಾಕಿದೆ, ದಾರಿ ಕಾಣಲಿಲ್ಲ. ಅದಕ್ಕೇ ನಿಜ ಹೇಳಿದೆ. ಒಳ್ಳೆಯತನದಿಂದ ಹೇಳಿದೆನೆಂದು ತಿಳಿಯಬೇಡಿ.

"ಫೋಟೋ ತಿರುಗಿಸಿದ್ದು ನಾನು ಅಮ್ಮ. ನೇರ ಇಟ್ಟರೆ ಇವರು ಓರೆಯಾಗಿ ಕಾಣ್ತಿದ್ರು."

ಅವರು ಬಿಲ್ಡರನ್ನು ಮೇಲಿಂದ ಕೆಳಗೆ ನೋಡಿ ಬಾಯಿ ತುಂಬ ನಕ್ಕರು. "ಇವರ ಚಂದಕ್ಕೆ ಬಾವಿಯನ್ನು ಹೊತ್ತುಕೊಂಡು ಹೋದೆಯಾ? ಆಯ್ತು. ಬಸ್ಸು ಎಷ್ಟೊತ್ತಿಗೆ?"

ಬಿಲ್ಡರಿನ ಮುಖ ಬಾಡಿತು. ನನ್ನದು ಬಾಡಲಿಲ್ಲ. ಬಸ್ಸಿನ ಹೊತ್ತು ಕೇಳಿ ನಿಂತಲ್ಲೇ ನಿಂತವರು ಕೊಳ್ಳುವವರು ಎಂದು ನಾನು ಗೋಡೆ ಬರೆಯುವಾಗಲೇ ಕಲಿತಿದ್ದೆ. ನಿಜವಾಗಿ ಹೋಗುವವರು ಹೊತ್ತು ಕೇಳುವುದಿಲ್ಲ. ತಾಯಿ ಬಾವಿಯ ಕಟ್ಟೆಗೆ ಹೋಗಿ ಬಗ್ಗಿ ನೋಡಿದರು, ಒಂದು ಕಲ್ಲು ಹಾಕಿ ಶಬ್ದ ಕೇಳಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು ಶುರು ಮಾಡಿದರು.

ಈ ಬಾವಿಯನ್ನು ಶಾಸ್ತ್ರಪ್ರಕಾರ ಮುಚ್ಚಬೇಕು. ಈಶಾನ್ಯದಲ್ಲಿ ಬೋರ್‌ವೆಲ್ ತೆಗೆಯಬೇಕು. ಕೆಳಗಿನ ಮಹಡಿ ಬೇಡ, ಮೊದಲನೆಯ ಮಹಡಿಯ ಪೂರ್ವದ ಮನೆ ಕೊಡಬೇಕು, ಬೆಲೆ ಕೆಳಗಿನದ್ದೇ. ಮತ್ತೆ, ಟೆರೇಸಿನಲ್ಲಿ ಮೀನು ಒಣಗಿಸಲು ಜಾಗ ಬೇಕು.

"ಮೀನಾ?" ಬಿಲ್ಡರ್ ಹಾರಿಬಿದ್ದರು. "ಟೆರೇಸಿನಲ್ಲಿ ಮೀನು ಒಣಗಿಸಿದ್ರೆ ಉಳಿದವರೆಲ್ಲ ಓಡ್ತಾರೆ ಅಮ್ಮ!"

"ಉಳಿದವರು ಅಂದ್ರೆ ಎಷ್ಟು ಮಂದಿ? ಬುಕ್ ಎಷ್ಟಾಗಿದೆ?"

ಬಿಲ್ಡರ್ ಮೇಸ್ತ್ರಿಯನ್ನು ಬೈಯಲು ಆಚೆ ಹೋದರು. ಬೈದು ಬರುವಾಗ ಬಾವಿ ಮುಚ್ಚಲು ಒಪ್ಪಿದ್ದರು. ಮೊದಲ ಮಹಡಿಗೂ ಒಪ್ಪಿದರು, ಬೋರ್‌ವೆಲ್ಲಿಗೂ ಒಪ್ಪಿದರು. ಆಗ ತಾಯಿ ದೊಡ್ಡ ಮನಸ್ಸು ಮಾಡಿದವರ ಹಾಗೆ ಉಸಿರು ಬಿಟ್ಟು, ಮೀನಿನ ಮಾತು ಬಿಟ್ಟುಕೊಡುತ್ತೇನೆ ಎಂದರು. ಕಾಪುವಿನಲ್ಲಿ ಸಮುದ್ರದ ಮರಳೇ ಇರುವಾಗ ಕಾರ್ಕಳದವರೆಗೆ ಮೀನು ಹೊತ್ತುಕೊಂಡು ಬಂದು ಯಾರು ಒಣಗಿಸುತ್ತಾರೆ? ಬಿಟ್ಟುಕೊಡಲಿಕ್ಕಾಗಿಯೇ ಕೇಳಿದ್ದು ಅದು. ಹದಿನೈದು ವರ್ಷ ಚೌಕಾಸಿ ಮಾಡಿ ಬದುಕಿದ ನಾನು ಆವತ್ತು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ. ನೀವೂ ಎಲ್ಲಿಗಾದರೂ ಮಾತಾಡಲು ಹೋಗುವಾಗ ನಿಮಗೆ ಬೇಡವಾದ ಒಂದನ್ನು ಜೊತೆಗೆ ಕೊಂಡುಹೋಗಿ.

ಫ್ಲಾಟ್ ಬುಕ್ ಆಯಿತು. ನನ್ನ ಕಥೆ ಅಲ್ಲಿಗೆ ಸುಖವಾಗಬೇಕಿತ್ತು. ಆದರೆ ಏಪ್ರಿಲಿನ ಸಭೆಯಲ್ಲಿ ಬಿಲ್ಡರ್ ಹೇಳಿದ್ದು ಬೇರೆ. "ಫ್ಲಾಟ್ ಹೋದದ್ದು ಹೌದು. ಕಂಪ್ಯೂಟರಿನಿಂದ ಎಂತದೂ ಇಲ್ಲ. ಕಂಪ್ಯೂಟರಿನಿಂದ ಕೈತಪ್ಪಿ ಹೋಗ್ಲಿಕ್ಕಿತ್ತು, ನಾನು ಬಾಯಿಂದ ಉಳಿಸಿದ್ದು." ನಾನು ಅಲ್ಲಿರಲಿಲ್ಲ, ಹಿರಿಯರು ಫೋನಿನಲ್ಲಿ ತಿಳಿಸಿದರು. ದನಿಯಲ್ಲಿ ಬೇಸರವೂ ಇರಲಿಲ್ಲ.

ಅವರ ಬಾಯಿಯ ಎದುರು ನನ್ನ ಬಾಯಿ ನಡೆಯುವುದಿಲ್ಲ. ನನಗೆ ಬೇಕಾದದ್ದು ಸಾಕ್ಷಿ. ಸಾಕ್ಷಿ ಇದ್ದದ್ದು ಒಂದೇ: ಕಾಪುವಿನ ಆ ಪ್ರಿಂಟ್. ಅದರ ಕೆಳಗೆ ವೆಬ್‌ಸೈಟಿನ ವಿಳಾಸ ಅಚ್ಚಾಗಿತ್ತು, ವಾಸ್ತು ನೋಡುವವರು ಬಾವಿಯ ಪಕ್ಕ ಪೆನ್ನಿನಲ್ಲಿ ಎಳೆದ ರೈಟ್ ಮಾರ್ಕೂ ಇತ್ತು. ಮರುದಿನ ಬೆಳಿಗ್ಗೆ ಕಾಪುವಿನ ಮೀನು ಮಾರ್ಕೆಟಿಗೆ ಹೋದೆ.

"ಕೊಡುದಿಲ್ಲ," ಎಂದರು ತಾಯಿ, ಬಂಗುಡೆಯ ಮೇಲೆ ನೀರು ಚಿಮುಕಿಸುತ್ತ. "ಬಾವಿ ಮುಚ್ಚುವವರೆಗೆ ಅದು ನನಗೆ ಬೇಕು. ನಿನ್ನ ಧಣಿಯೂ ಕೇಳಿ ಫೋನ್ ಮಾಡಿದ್ದ. ಇಬ್ಬರಿಗೂ ಬೇಕು ಅಂದ್ರೆ ಅದು ಒಳ್ಳೆಯ ಮಾಲೇ."

"ಒಂದು ದಿನಕ್ಕೆ ಅಮ್ಮ. ಸಭೆಯಲ್ಲಿ ತೋರಿಸಿ ತಂದುಕೊಡ್ತೇನೆ."

"ನನಗೆಂತ ಸಿಗ್ತದೆ?"

ಏನು ಬೇಕು ಎಂದು ಕೇಳಿದೆ. ಅವರು ಆಗಲೇ ಯೋಚಿಸಿಟ್ಟಿದ್ದರು. ತಿಂಗಳಿಗೊಮ್ಮೆ ನಾನು ಕುಕ್ಕುಂದೂರಿಗೆ ಹೋಗಿ ಕಟ್ಟಡದ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಬೇಕು. ಇದ್ದ ಹಾಗೆ. ಜಲ್ಲಿ ರಾಶಿ, ಬಿರುಕು, ಅರ್ಧ ಮುಚ್ಚಿದ ಬಾವಿ, ಎಲ್ಲ. ಮಗ ಅಲ್ಲಿ ಕುಳಿತು ನೋಡಬೇಕು.

"ತಿರುಗಿಸಬಾರದು," ಎಂದರು.

"ತಿರುಗಿಸುದಿಲ್ಲ."

"ಬಂದವನು ಬರಿಗೈಯಲ್ಲಿ ಹೋಗ್ಬೇಡ." ಎರಡು ಡಜನ್ ಬಂಗುಡೆ ಕಟ್ಟಿಕೊಟ್ಟು, ಒಂದು ಪೈಸೆ ಬಿಡದೆ ದುಡ್ಡು ತೆಗೆದುಕೊಂಡರು. ಕೋಣೆಯಲ್ಲಿ ಒಬ್ಬನೇ ಇದ್ದ ನಾನು ಮೂರು ದಿನ ಅದನ್ನೇ ತಿಂದೆ.

ಏಪ್ರಿಲಿನ ಫೋಟೋ ತೆಗೆಯಲು ಹೋದಾಗ ಬಿಲ್ಡರ್ ಮುಖ ತಿರುಗಿಸಿದರು. "ಜಲ್ಲಿ ರಾಶಿ ಯಾರು ನೋಡ್ತಾರೆ?" ಎಂದರು. ತಾಯಿಯ ಷರತ್ತು ಎಂದೆ. ದಾರಿ ಬಿಟ್ಟರು, ಅವರಿಗೂ ಆ ಬಾಯಿಯ ಪರಿಚಯವಿತ್ತು. ಲಾರಿಯಿಂದ ಬಾವಿಗೆ ಮಣ್ಣು ಸುರಿಯುವ ಚಿತ್ರ ಹಾಕಿದೆ. ಆ ಮಗ ಅದನ್ನು ತನ್ನ ಕ್ಯಾಂಪಿನಲ್ಲಿ ಯಾರು ಯಾರಿಗೆ ತೋರಿಸಿದನೋ, ಎರಡೇ ವಾರಗಳಲ್ಲಿ ಮೂರು ಇ-ಮೇಲ್ ಬಂದವು. ಒಬ್ಬನಂತೂ, ಮುಂದಿನ ತಿಂಗಳ ಫೋಟೋ ಯಾವಾಗ ಬರುತ್ತದೆ ಎಂದಷ್ಟೇ ಕೇಳಿದ್ದ. ಕೌಂಟರ್ ನೋಡಿದೆ. ನಾನೂ ಏರಿಸಿರಲಿಲ್ಲ, ಧಣಿಯೂ ಕೂತು ಒತ್ತಿರಲಿಲ್ಲ. ಆ ಕಪ್ಪು ಪೆಟ್ಟಿಗೆ ಮೊದಲ ಬಾರಿಗೆ ತಾನಾಗಿ ಓಡುತ್ತಿತ್ತು.

ಮೇ ತಿಂಗಳ ಸಭೆಯ ದಿನ ಬೆಳಿಗ್ಗೆ ಕಾಪುವಿನಿಂದ ಪ್ರಿಂಟ್ ತಂದು ಮೆಟ್ಟಿಲು ಹತ್ತಿದೆ. ಸಂಜೆಯೊಳಗೆ ಅದು ತಿರುಗಿ ತಾಯಿಯ ಕೈಗೆ ಮುಟ್ಟಬೇಕಿತ್ತು. ಬಿಲ್ಡರ್ ಗೋಳಿಬಜೆಯ ತಟ್ಟೆಯನ್ನು ತಮ್ಮ ಹತ್ತಿರ ಎಳೆದುಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು. ಹಿರಿಯರು ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ಕೆಳಗಿನ ವಿಳಾಸ ಓದಿದರು, ರೈಟ್ ಮಾರ್ಕ್ ಮುಟ್ಟಿ ನೋಡಿದರು.

"ಅವರು ಬಂದದ್ದು ಇದನ್ನು ನೋಡಿಯಾ?" ಎಂದು ಬಿಲ್ಡರನ್ನು ಕೇಳಿದರು.

"ಬಂದದ್ದು ಇದನ್ನು ನೋಡಿ," ಎಂದರು ಬಿಲ್ಡರ್. "ಕೊಂಡದ್ದು ನನ್ನನ್ನು ನೋಡಿ."

"ನಿಮ್ಮನ್ನು ನೋಡಿದವರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರು ಕೊಳ್ಳಲಿಲ್ಲ ಅಲ್ವಾ?" ಎಂದು ಹಿರಿಯರು ಹೇಳಿದಾಗ ಸಭೆ ಗೊಳ್ಳೆಂದಿತು. ಬಿಲ್ಡರೂ ನಕ್ಕರು, ತಡವಾಗಿ. ಆರು ಮಂದಿ ಅಲ್ಲಿಯೇ ಹೆಸರು ಬರೆಸಿದರು.

ಹಾಗಾದರೆ ಅವರು ಪಾಠ ಕಲಿತರು ಎಂದು ತಿಳಿದಿರಾ? ಪ್ರಿಂಟ್ ಕೈಯಿಂದ ಕೈಗೆ ಹೋಗುವಾಗ ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ವಿಳಾಸವನ್ನು ಒಬ್ಬರು ಓದಿದರು; ಉಳಿದವರೆಲ್ಲ ನೋಡಿದ್ದು ಈಶಾನ್ಯದ ಬಾವಿಯನ್ನು. ಮೆಟ್ಟಿಲಿನಲ್ಲಿ ಒಬ್ಬರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಬೈಲೂರು ಕಡೆ ದೊಡ್ಡ ಕಟ್ಟಡ ಎಬ್ಬಿಸುತ್ತಿದ್ದ ಮನುಷ್ಯ, ಆರರಲ್ಲಿ ಎಲ್ಲರಿಗಿಂತ ತೂಕದ ಗಿರಾಕಿ.

"ನನ್ನದರಲ್ಲಿ ಗೇಟು ನೈಋತ್ಯಕ್ಕೆ ಬಿದ್ದಿದೆ ಮಾರಾಯ್ರೆ," ಎಂದರು ಸಣ್ಣ ದನಿಯಲ್ಲಿ. "ನಿಮ್ಮ ಕಂಪ್ಯೂಟರಿನಲ್ಲಿ ಸ್ವಲ್ಪ ಆಚೆ ಮಾಡ್ಲಿಕ್ಕೆ ಆಗ್ತದಲ್ಲ? ಕೊಡುವ, ಬೇರೆ ಕೊಡುವ."

ನಾನು ಪ್ರಿಂಟನ್ನು ಜೋಪಾನವಾಗಿ ಕವರಿನೊಳಗೆ ಹಾಕಿ ಅಂಗಿಯೊಳಗೆ ಇಟ್ಟುಕೊಂಡೆ.

"ಗೇಟು ಇದ್ದಲ್ಲೇ ಇರಲಿ," ಎಂದೆ. "ಪ್ರಿಂಟ್ ಹಿಡಿದು ಬರುವ ಅಮ್ಮಂದಿರಿಗೆ ಪಡುಬಿದ್ರಿಯಿಂದ ಈ ಕಡೆಗೆ ಅರ್ಧ ಗಂಟೆಗೊಂದು ಬಸ್ಸು ಉಂಟು."